‘ರೇಸರ್’ ಹಾವಿಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಉತ್ತರ ಅಮೆರಿಕದ ಹಾವುಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೇಸರ್’ ಎಂಬ ವಿಷವಿಲ್ಲದ ಹಾವಿನ ಹತ್ತಿರ ಬಂದು ಕೆಲಸ ನಿಂತಿದೆ. ಮೊದಲು ‘ಓಟದ ಹಾವು’ ಎಂದು ಬರೆದೆ; ಮರುದಿನ ನಾನೇ ಹೊಡೆದುಹಾಕಿದೆ. ‘ಹಾವು ಓಡಿಹೋಯಿತು’ ಎನ್ನುವುದುಂಟು, ಆದರೆ ಅಲ್ಲಿ ತಪ್ಪಿಸಿಕೊಂಡಿತು ಎಂಬುದೇ ಅರ್ಥ. ಅದರ ನಡಿಗೆಯನ್ನು ಹೇಳುವಾಗ ಹಾವು ಹರಿಯುತ್ತದೆ, ನೀರಿನ ಹಾಗೆ. ಸಂಸ್ಕೃತದ ‘ಉರಗ’ ಕೂಡ ಎದೆಯ ಮೇಲೆ ಸಾಗುವುದೇ ಹೊರತು ಓಡುವುದಲ್ಲ.

ಇನ್ನು ‘ಪಂದ್ಯದ ಹಾವು’ ಎಂದರೆ ನಗೆಪಾಟಲು. ಇದರ ವೇಗ ಗಂಟೆಗೆ ಸುಮಾರು 6 ಕಿ.ಮೀ., ಬಿರುಸಾಗಿ ನಡೆಯುವ ಮನುಷ್ಯನಷ್ಟು. ಹುಲ್ಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಗುವುದರಿಂದ ಇನ್ನೂ ವೇಗವೆಂದು ತೋರುತ್ತದೆ, ಅಷ್ಟೆ.

ವೈಜ್ಞಾನಿಕ ಹೆಸರಿನ ನೆರವು ಪಡೆಯೋಣವೆಂದರೆ ಅದೂ ದಾರಿ ತಪ್ಪಿಸುತ್ತದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟದ್ದು ‘ಕೊಲ್ಯೂಬರ್ ಕನ್‌ಸ್ಟ್ರಿಕ್ಟರ್’. ಎರಡನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ ಬಿಗಿದು ಹಿಸುಕುವುದು ಎಂದರ್ಥ. ಈ ಹಾವು ಹೆಬ್ಬಾವಿನಂತೆ ಸುತ್ತಿ ಹಿಸುಕುವುದೇ ಇಲ್ಲ. ಕಪ್ಪೆಯನ್ನೋ ಹಲ್ಲಿಯನ್ನೋ ಇಲಿಯನ್ನೋ ಬಾಯಲ್ಲಿ ಹಿಡಿದು, ಬೇಕಾದರೆ ಮೈಭಾರದಿಂದ ನೆಲಕ್ಕೆ ಒತ್ತಿ, ಜೀವಂತವಾಗಿ ನುಂಗುತ್ತದೆ. ಬಣ್ಣ ಹಿಡಿದು ‘ಕರಿಹಾವು’ ಎನ್ನುವಂತೆಯೂ ಇಲ್ಲ: ಮರಿಯ ಬೂದು ಮೈಮೇಲೆ ಕಂದು ಮಚ್ಚೆಗಳು, ಬೆಳೆದ ಮೇಲೆ ಮಚ್ಚೆ ಮಾಸಿ ಒಂದು ಪ್ರದೇಶದಲ್ಲಿ ಕಪ್ಪು, ಇನ್ನೊಂದು ಪ್ರದೇಶದಲ್ಲಿ ನೀಲಿ.

ಗೆಳೆಯರೊಬ್ಬರು ‘ಕೇರೆ ಎನ್ನಿ, ಮುಗಿಯಿತು’ ಎಂದರು. ಎರಡೂ ಕೊಲ್ಯೂಬ್ರಿಡೇ ಕುಟುಂಬದವು, ಎರಡೂ ಹಗಲಿನಲ್ಲಿ ಬೇಟೆಯಾಡುವವು, ಎರಡಕ್ಕೂ ವಿಷವಿಲ್ಲ. ಆದರೂ ಕೇರೆ ಎಂದೊಡನೆ ಓದುಗರ ಕಣ್ಣಮುಂದೆ ಬರುವುದು ನಮ್ಮ ಆ ಉದ್ದನೆಯ ಹಾವೇ. ಹೆಸರಿರುವ ಪ್ರಾಣಿಯ ಹೆಸರನ್ನು ಕಿತ್ತು ಇನ್ನೊಂದಕ್ಕೆ ಕೊಡುವುದು ನನಗೆ ಒಗ್ಗದು. ಸದ್ಯಕ್ಕೆ ‘ಬಿರುಹರಿ’ ಎಂದು ಕಟ್ಟಿಕೊಂಡಿದ್ದೇನೆ. ‘ಬಿರುಗಾಳಿ’ಯ ಬಿರು, ಹರಿಯುವ ಹರಿ. ಇದನ್ನು ವಿಷ್ಣುವಿನ ಹರಿ ಎಂದು ಓದಿಕೊಂಡಾರು ಎಂಬ ಅಳುಕಿದೆ. ‘ಸರಸರ ಹಾವು’ ಮಕ್ಕಳ ಪುಸ್ತಕಕ್ಕೆ ಚೆನ್ನ, ಈ ಬರಹಕ್ಕೆ ಹಗುರವಾಯಿತೇನೋ.

ಜೊತೆಗೆ ಇನ್ನೊಂದು ಮಾತು. ವಿಷವಿಲ್ಲದ ಹಾವನ್ನು ಎಷ್ಟೋ ಕಡೆ ‘ನಿರುಪದ್ರವಿ’ ಎಂದು ಬರೆಯುವುದನ್ನು ಕಂಡಿದ್ದೇನೆ. ರೇಸರನ್ನು ಕೈಯಲ್ಲಿ ಹಿಡಿದವರು ಹಾಗೆನ್ನಲಾರರು. ಸಿಕ್ಕಿಬಿದ್ದರೆ ಮೇಲಿಂದ ಮೇಲೆ ಕಚ್ಚುತ್ತದೆ. ‘ನಿರ್ವಿಷ’ ಅಥವಾ ‘ನಂಜಿಲ್ಲದ’ ಎಂದರೆ ಸಾಕಲ್ಲವೇ?

ಕೊನೆಯದಾಗಿ ಒಂದು ಕ್ರಿಯಾಪದ ಬೇಕು. ಬೆದರಿದಾಗ ಇದು ಒಣಗಿದ ಎಲೆಗಳ ನಡುವೆ ಬಾಲದ ತುದಿಯನ್ನು ಪಟಪಟನೆ ಆಡಿಸುತ್ತದೆ. ಕೇಳಿದವರು ಬಾಲದಲ್ಲಿ ಗಿಲಕಿಯಿರುವ ವಿಷದ ಹಾವೆಂದು ಹಿಂದೆ ಸರಿಯುತ್ತಾರೆ. ‘ಅದುರಿಸು’ ಎಂದರೆ ಸದ್ದು ಕೇಳಿಸದು, ‘ಬಡಿ’ ಎಂದರೆ ಏಟಿನಂತಾಗುತ್ತದೆ. ಸದ್ದು, ನಡುಕ ಎರಡನ್ನೂ ಹೇಳುವ ಒಂದೇ ಪದ ನಿಮ್ಮಲ್ಲಿ ಯಾರ ಬಾಯಲ್ಲಾದರೂ ಇದೆಯೇ?