ಲೆಪರ್ಡ್ ಗೆಕ್ಕೊ ಮರಿ ಮಾಡಿಸಬೇಕಾ? ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿರುವ ನಮ್ಮ ಗುಂಪಿನಲ್ಲಿ ಮಕ್ಕಳ ಹಠಕ್ಕೆ ಲೆಪರ್ಡ್ ಗೆಕ್ಕೊ ಅನ್ನುವ ಸಾಕುಹಲ್ಲಿ ತಂದವರು ಬಹಳ ಜನ ಇದ್ದೀರಿ. ಈಗ ಕೆಲವರಿಗೆ ಮರಿ ಮಾಡಿಸುವ ಆಸೆ. ಹಾವು, ಹಲ್ಲಿ, ಆಮೆಗಳಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ದಯವಿಟ್ಟು ಬೇಡ.

ಆಸ್ಟಿನ್ ಅಪ್ಪ: ನಮಸ್ಕಾರ ಮೇಡಂ. ನಮ್ಮ ಹೆಣ್ಣಿಗೆ 10 ತಿಂಗಳು, ತೂಕ 36 ಗ್ರಾಂ. ಗಂಡಿನ ಜೊತೆ ಬಿಡಬಹುದಾ?

ಡಾಕ್ಟರ್: ನಮಸ್ಕಾರ. ಈಗಲೇ ಬೇಡ. ಒಂದೂವರೆ ವರ್ಷ ಆಗಲಿ, ತೂಕ 50 ಗ್ರಾಂ ಹತ್ತಿರ ಬರಲಿ, ಬಾಲ ದಪ್ಪಗಿರಲಿ. ಕೊಬ್ಬು ಕೂಡಿಡುವುದು ಬಾಲದಲ್ಲೇ. ಒಂದು ಸಲ ಕೂಡಿದರೂ ಸಾಕು, ಹೆಣ್ಣು ವೀರ್ಯವನ್ನು ಒಳಗೆ ಉಳಿಸಿಕೊಂಡು ಇಡೀ ಸೀಸನ್ ಮೊಟ್ಟೆ ಇಡಬಲ್ಲದು. ಸಾಮಾನ್ಯವಾಗಿ ಸಲಕ್ಕೆ ಎರಡು, ಕೆಲವು ವಾರ ಬಿಟ್ಟು ಮತ್ತೆ ಎರಡು. ಅಷ್ಟು ಚಿಪ್ಪಿಗೂ ಸುಣ್ಣದಂಶ ಅದರ ಮೈಯಿಂದಲೇ ಹೋಗಬೇಕು. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ.

ಸಿಯಾಟಲ್ ಸೊಸೆ: ಹೆಣ್ಣು ಮರಿಗಳೇ ಬೇಕು ಅಂದರೆ ಏನು ಮಾಡಬೇಕು? ಶಾಖದಿಂದ ಗೊತ್ತಾಗುತ್ತದಂತೆ?

ಡಾಕ್ಟರ್: ಹೌದು, ಇವುಗಳಲ್ಲಿ ಗಂಡೋ ಹೆಣ್ಣೋ ಅನ್ನುವುದು ಮೊಟ್ಟೆಗೆ ಸಿಗುವ ಶಾಖದ ಮೇಲೆ ನಿಂತಿದೆ. 26–27 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿನ ಲೆಕ್ಕದಲ್ಲಿ 80 ಫ್ಯಾರನ್‌ಹೀಟ್ ಆಸುಪಾಸು, ಹೆಚ್ಚಿನವು ಹೆಣ್ಣು. 31–32 ಡಿಗ್ರಿ ಆದರೆ ಹೆಚ್ಚಿನವು ಗಂಡು. 34 ದಾಟಿದರೆ ಮತ್ತೆ ಹೆಣ್ಣು ಜಾಸ್ತಿ, ಆದರೆ ಅವು ಜಗಳಗಂಟಿಗಳಾಗುತ್ತವೆ, ಹಲವು ಮೊಟ್ಟೆಯನ್ನೇ ಇಡುವುದಿಲ್ಲ. ಆ ಆಟ ಬೇಡ. ತಂಪಾಗಿಟ್ಟರೆ ಮರಿ ಬರಲು ಎರಡು ತಿಂಗಳು ದಾಟಬಹುದು, ಬಿಸಿಯಲ್ಲಿ 40 ದಿನದ ಆಸುಪಾಸು.

ಪ್ಲೇನೋ ಪುಟ್ಟ: ಇನ್‌ಕ್ಯುಬೇಟರ್ ಯಾಕೆ ಕೊಳ್ಳಬೇಕು? ಇನ್‌ಸ್ಟಂಟ್ ಪಾಟ್‌ನ ಮೊಸರು ಬಟನ್ ಸಾಕಲ್ವಾ?

ಡಾಕ್ಟರ್: ಅದು 40 ಡಿಗ್ರಿ ದಾಟುತ್ತದೆ. ಮೊಟ್ಟೆ ಸತ್ತೇ ಹೋಗುತ್ತದೆ.

ಮಿಚಿಗನ್ ಮಂಡ್ಯ: ಮೊಟ್ಟೆಗಳನ್ನು ಕೋಳಿಮೊಟ್ಟೆ ತರಹ ದಿನಾ ತಿರುಗಿಸಬೇಕಾ?

ಡಾಕ್ಟರ್: ಬೇಡ. ಇಟ್ಟಂತೆಯೇ ಎತ್ತಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಮೊದಲ ದಿನವೇ ಭ್ರೂಣ ಒಳಗಡೆ ಅಂಟಿಕೊಳ್ಳಲು ಶುರುವಾಗುತ್ತದೆ, ಆಮೇಲೆ ತಿರುಗಿಸಿದರೆ ಸಾಯುತ್ತದೆ. ತೇವ ಹಿಡಿಯುವ ಖನಿಜದ ಚೂರು, ಅಂದರೆ ಒದ್ದೆ ಮಾಡಿದ ವರ್ಮಿಕ್ಯುಲೈಟ್‌ನಲ್ಲಿ ಅರ್ಧ ಹುದುಗಿಸಿಡಿ.

ಕುಪರ್ಟಿನೋ ಕಾಕ: ರಾತ್ರಿ ಕೆಂಪು ಬಲ್ಬ್ ಹಾಕಬಹುದಾ ಮೇಡಂ?

ಜರ್ಸಿ ಅಮ್ಮ: ಮೇಡಂ, ದಯವಿಟ್ಟು ಇದನ್ನು ಮೊದಲು ನೋಡಿ. ಎರಡೂ ಹೆಣ್ಣು ಅಂತ ಹೇಳಿ ಮಾರಿದ್ದರು. ಒಂದು ಗಂಡು ಅಂತ ಈಗ ಗೊತ್ತಾಗಿದೆ. ಹೆಣ್ಣು ಮೊನ್ನೆ ಒಂದೇ ಮೊಟ್ಟೆ ಇಟ್ಟಿತು. ಇನ್ನೊಂದು ಹೊಟ್ಟೆಯ ಚರ್ಮದಡಿ ಬೆಳ್ಳಗೆ ಕಾಣುತ್ತಿದೆ. ಊಟ ಮುಟ್ಟಿಲ್ಲ, ಮೂಲೆ ಮೂಲೆ ಕೆರೆಯುತ್ತದೆ. ಇವತ್ತು ಹಿಂಗಾಲು ಎಳೆದುಕೊಂಡು ನಡೆಯುತ್ತಿದೆ, ಬೆರಳು ನಡುಗುತ್ತಿವೆ. ಮಗಳು ಅಳುತ್ತಿದ್ದಾಳೆ.

ಡಾಕ್ಟರ್: ಇದಕ್ಕೆ ಉದ್ದ ಬರೆಯುತ್ತೇನೆ, ಓದುತ್ತಲೇ ಹೊರಡುವ ತಯಾರಿ ಮಾಡಿ. ನಡುಕ ಮತ್ತು ಹಿಂಗಾಲಿನ ಸೋಲು ಎರಡೂ ಸೇರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುವ ಸಾಧ್ಯತೆ ದೊಡ್ಡದು. ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುವಿಗೂ ಅದೇ ಕ್ಯಾಲ್ಸಿಯಂ ಬೇಕು. ಅದಿಲ್ಲದೆ ಮೊಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಷ್ಟೂ ಜೀವ ಸೋಲುತ್ತದೆ.

ಹೊಟ್ಟೆ ಒತ್ತಲೇಬೇಡಿ. ಮೊಟ್ಟೆ ಒಳಗೆ ಒಡೆದರೆ ಅದರ ಹಳದಿ ಭಾಗ ಹೊಟ್ಟೆಯೊಳಗೆ ಚೆಲ್ಲಿ ಉರಿಯೂತ ಆಗುತ್ತದೆ, ಆಗ ಉಳಿಸುವುದು ಬಹಳ ಕಷ್ಟ. ಬಾಯಿಗೆ ಏನೂ ಹಾಕಬೇಡಿ. ಗಂಡನ್ನು ಈಗಲೇ ಬೇರೆ ಮಾಡಿ. ಸಣ್ಣ ಡಬ್ಬಿಗೆ ಗಾಳಿ ತೂತು ಮಾಡಿ, ಒದ್ದೆ ಪೇಪರ್ ಟವೆಲ್ ಹಾಸಿ, ಬೆಚ್ಚಗಿನ ಕಾರಿನಲ್ಲಿ ಕರೆದುಕೊಂಡು ಹೋಗಿ. ಬಿಸಿನೀರಿನ ಚೀಲ ಮೈಗೆ ತಾಗಿಸಬೇಡಿ, ಸುಡುತ್ತದೆ.

ನಾಯಿ ಬೆಕ್ಕು ಮಾತ್ರ ನೋಡುವ ಕ್ಲಿನಿಕ್ ಬೇಡ. ಫೋನ್ ಮಾಡಿ "ಸರೀಸೃಪ ನೋಡುತ್ತೀರಾ" ಅಂತ ಕೇಳಿಯೇ ಹೊರಡಿ. ಎಆರ್‌ಎವಿ ಅನ್ನುವ ಸರೀಸೃಪ ವೈದ್ಯರ ಸಂಘದ ಜಾಲತಾಣದಲ್ಲಿ ಊರಿನ ಪ್ರಕಾರ ಹುಡುಕಬಹುದು. ಅಲ್ಲಿ ಎಕ್ಸ್‌ರೇ ತೆಗೆಯುತ್ತಾರೆ, ಕ್ಯಾಲ್ಸಿಯಂ ಮತ್ತು ದ್ರವ ಕೊಡುತ್ತಾರೆ. ಮೊಟ್ಟೆಗೆ ದಾರಿ ಇದ್ದರೆ ಮಾತ್ರ ಅದನ್ನು ತಳ್ಳಲು ನೆರವಾಗುವ ಆಕ್ಸಿಟೋಸಿನ್ ಮದ್ದು ಕೊಡಬಹುದು. ಹಲ್ಲಿಗಳಲ್ಲಿ ಅದು ಆಮೆಗಳಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಆಪರೇಷನ್ ಮಾತು ಬಂದರೆ ಗಾಬರಿ ಬೇಡ. ಕ್ಯಾಲ್ಸಿಯಂ ಪುಡಿ ಕೊಡುತ್ತಿದ್ದಿರಾ? ವಿಟಮಿನ್ ಡಿ3 ಇರುವುದಾ? ಮೊಟ್ಟೆ ಇಡಲು ತೇವದ ಡಬ್ಬಿ ಇತ್ತಾ?

ಜರ್ಸಿ ಅಮ್ಮ: ಪುಡಿ ಕೊಡುತ್ತಿರಲಿಲ್ಲ ಮೇಡಂ. ಡಬ್ಬಿಯೂ ಇರಲಿಲ್ಲ. ಅಂಗಡಿಯವರು ಏನೂ ಹೇಳಲಿಲ್ಲ. ಹೊರಟೆವು.

ಹಳೇಮನೆ ಮದ್ದು: ಗಾಬರಿ ಬೇಡಿ ತಾಯಿ. ನನಗೆ ಬಂದ ಮೆಸೇಜ್ ಹಾಕುತ್ತಿದ್ದೇನೆ: ಹರಳೆಣ್ಣೆ ಎರಡು ಹನಿ ಬಾಯಿಗೆ, ವೀಳ್ಯದೆಲೆ ಸುಣ್ಣ ಕಡಲೆಕಾಳಿನಷ್ಟು ನೀರಿನಲ್ಲಿ. ಅರ್ಧ ಗಂಟೆಯಲ್ಲಿ ಮೊಟ್ಟೆ ಹೊರಗೆ. ನೂರಕ್ಕೆ ನೂರು.

ಡಾಕ್ಟರ್: ಇದನ್ನು ಅಳಿಸಿ. ವೀಳ್ಯದ ಸುಣ್ಣ ಬಾಯಿ, ಗಂಟಲು ಸುಡುತ್ತದೆ. ಕಡಲೆಕಾಳಿನಷ್ಟು ಅಂದರೆ ಈ ಪ್ರಾಣಿಯ ಬಾಯಿ ತುಂಬಾ ಆಯಿತು. ಹರಳೆಣ್ಣೆ ಶ್ವಾಸಕ್ಕೆ ಹೋದರೆ ಇನ್ನೊಂದು ಕಾಯಿಲೆ.

ಹಳೇಮನೆ ಮದ್ದು: ನಮ್ಮಜ್ಜಿ ಬಾಣಂತಿಯರಿಗೆಲ್ಲ ಸುಣ್ಣದ ತಿಳಿನೀರು ಕೊಡುತ್ತಿದ್ದರು. ಎಲ್ಲರೂ ಚೆನ್ನಾಗಿದ್ದರು.

ಸಿಯಾಟಲ್ ಸೊಸೆ: ಆ ಬಾಣಂತಿಯರು 50 ಗ್ರಾಂ ಇದ್ದರಾ ಸರ್?

ಹಳೇಮನೆ ಮದ್ದು: ಓದಿದವರಿಗೆ ಅಜ್ಜಿಯರು ಅಂದರೆ ತಮಾಷೆ. ಇರಲಿ.

ಪ್ಲೇನೋ ಪುಟ್ಟ: ಅಜ್ಜಿ ಹಲ್ಲಿ ಸಾಕಿರಲಿಲ್ಲ ಸರ್, ಪೊರಕೆ ತಗೊಂಡು ಓಡಿಸುತ್ತಿದ್ದರು.

ಕುಪರ್ಟಿನೋ ಕಾಕ: ಕೆಂಪು ಬಲ್ಬ್?

ಬೆಂಗಳೂರು ಬಾವ: ಮೇಡಂ, ನಾನು ಬೆಂಗಳೂರಿನಿಂದ. ಇಲ್ಲಿ ಮರಿ ಮಾಡಿ ಮಾರಬಹುದಾ?

ಡಾಕ್ಟರ್: ನಾನು ಅಲ್ಲಿ ವೃತ್ತಿ ಮಾಡುವವಳಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಬಂದಿದೆ. ಮೊಟ್ಟೆಗಿಂತ ಮೊದಲು ಅರಣ್ಯ ಇಲಾಖೆಯಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಕಾಡಿನಿಂದ ಹಿಡಿದು ತಂದದ್ದಾದರೆ ನನ್ನನ್ನು ಏನೂ ಕೇಳಬೇಡಿ.

ಶಿಕಾಗೋ ಶೆಟ್ರು: ನನ್ನ ಹತ್ತಿರ ಲೆಮನ್ ಫ್ರಾಸ್ಟ್ ಅನ್ನುವ ಬಣ್ಣದ ತಳಿಯ ಗಂಡು ಇದೆ. ಹಳದಿ ಬಣ್ಣ ನೋಡಲು ಎರಡು ಕಣ್ಣು ಸಾಲದು. ಜೋಡಿ ಹುಡುಕುತ್ತಿದ್ದೇನೆ.

ಡಾಕ್ಟರ್: ಜೋಡಿ ಮಾಡಬೇಡಿ. ಆ ಬಣ್ಣ ಕೊಡುವ ವಂಶವಾಹಿಯೇ ಗೆಡ್ಡೆಯನ್ನೂ ತರುತ್ತದೆ. 2021ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಕಟಿಸಿದ್ದಾರೆ. ಚರ್ಮಕ್ಕೆ ಬಿಳುಪು ಕೊಡುವ ಕೋಶಗಳೇ ಮಿತಿಮೀರಿ ಬೆಳೆಯುತ್ತವೆ. ಈ ಬಣ್ಣದವುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚಿನವಕ್ಕೆ ಗೆಡ್ಡೆ ಬರುತ್ತದೆ. ನಿಮ್ಮದನ್ನು ಹೊಟ್ಟೆಯ ಕಡೆ ಬಿಳಿ ಗಂಟುಗಳಿವೆಯಾ ಅಂತ ಆಗಾಗ ನೋಡುತ್ತಿರಿ. ಎನಿಗ್ಮಾ ಅನ್ನುವ ಇನ್ನೊಂದು ತಳಿ ಇರುವವರಿಗೂ ಇದೇ ಮಾತು: ತಲೆ ವಾಲಿಸುವುದು, ಸುತ್ತುವುದು ಮುದ್ದಾದ ಅಭ್ಯಾಸ ಅಲ್ಲ, ನರದ ತೊಂದರೆ.

ಶಿಕಾಗೋ ಶೆಟ್ರು: ನನ್ನದಕ್ಕೆ ಏನೂ ಇಲ್ಲ. ದುಡ್ಡು ಕೊಟ್ಟು ತಂದಿದ್ದೇನೆ. ಮರಿ ತೆಗೆದು ನೋಡಿದರೆ ತಪ್ಪೇನು?

ಆಸ್ಟಿನ್ ಅಪ್ಪ: ತಪ್ಪು ಏನಂತ ಈಗ ತಾನೇ ಬರೆದರಲ್ಲ.

ಶಿಕಾಗೋ ಶೆಟ್ರು: ನಿಮ್ಮನ್ನು ಯಾರು ಕೇಳಿದರು? 36 ಗ್ರಾಂ ಹುಳುವಿಗೆ ಮದುವೆ ಮಾಡಲು ಹೊರಟವರು ನೀವು.

ಮಿಚಿಗನ್ ಮಂಡ್ಯ: ಶೆಟ್ರೇ, ಮಾತು ಹಿಡಿತದಲ್ಲಿರಲಿ. ಇಬ್ಬರೂ ಮರಿ ಮಾಡಿಸಿ ಕೊನೆಗೆ ಫೇಸ್‌ಬುಕ್‌ನಲ್ಲಿ ಉಚಿತ ಅಂತ ಹಾಕುವವರೇ. ನಮ್ಮೂರಿನ ರೆಸ್ಕ್ಯೂನಲ್ಲಿ ತುಂಬಿ ತುಳುಕುತ್ತಿವೆ.

ಆಸ್ಟಿನ್ ಅಪ್ಪ: ನಾನೇಕೆ ಇದರಲ್ಲಿ?

ರಾಲೀ ರಾಣಿ: ಮೇಡಂ, ನಮ್ಮದಕ್ಕೆ ಮರಿ ಬಂದಿದೆ! ಹುಟ್ಟಿ ಎರಡು ದಿನ, ಏನೂ ತಿನ್ನುತ್ತಿಲ್ಲ. ಹಿತ್ತಿಲಲ್ಲಿ ಮಿಂಚುಹುಳ ತುಂಬಾ ಇವೆ, ಹಿಡಿದು ಹಾಕಲಾ?

ಡಾಕ್ಟರ್: ಹಾಕಬೇಡಿ! ಮಿಂಚುಹುಳದ ವಿಷಕ್ಕೆ ದೊಡ್ಡ ಹಲ್ಲಿಗಳೇ ಸತ್ತಿವೆ. ಎರಡು ದಿನ ತಿನ್ನದಿರುವುದು ಸಹಜ, ಮೊಟ್ಟೆಯ ಹಳದಿಯ ಶೇಷ ಹೊಟ್ಟೆಯಲ್ಲಿರುತ್ತದೆ. ಮೊದಲ ಪೊರೆ ಬಿಟ್ಟ ಮೇಲೆ ಪುಟ್ಟ ಕ್ರಿಕೆಟ್ ಹುಳ ಕೊಡಿ. ಮರಿಯ ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಬೇಡ. ಕೆಳಗೆ ಪೇಪರ್ ಟವೆಲ್, ಮರಳು ಬೇಡ. ಒಂದೊಂದನ್ನೂ ಬೇರೆ ಇಡಿ, ಬಾಲ ಕಚ್ಚಿಕೊಳ್ಳುತ್ತವೆ.

ಫ್ರಿಸ್ಕೋ ಮಾವ: ಮೊಟ್ಟೆ ತಿರುಗಿಸಬೇಕಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಡೆನ್ವರ್ ದೊಡ್ಡಮ್ಮ: ಮೊಟ್ಟೆ ಒಂದು ಕಡೆ ಗುಳಿ ಬಿದ್ದಿದೆ, ಬಿಸಾಕಲಾ?

ಡಾಕ್ಟರ್: ಎಷ್ಟು ದಿನ ಆಗಿದೆ ಹೇಳದೆ ಏನು ಹೇಳಲಿ? ಮೊದಲ ವಾರಗಳಲ್ಲಿ ಆದರೆ ತೇವ ಕಡಿಮೆ. ಹೊರಬರುವ ಹೊತ್ತಿಗೆ ಗುಳಿ ಸಹಜ. ಹಳದಿಯಾಗಿ ಕೊಳೆತು ನಾರಿದರೆ ಮಾತ್ರ ತೆಗೆಯಿರಿ.

ಫ್ರಿಸ್ಕೋ ಮಾವ: ನಾಲ್ಕು ಅಕ್ಷರ ಬರೆದರೆ ಡಾಕ್ಟರಿಗೆ ಏನು ನಷ್ಟ? ಹಿರಿಯರು ಕೇಳಿದ್ದೀವಿ.

ಜರ್ಸಿ ಅಮ್ಮ: ಕ್ಲಿನಿಕ್‌ನಲ್ಲಿದ್ದೇವೆ. ಎಕ್ಸ್‌ರೇಯಲ್ಲಿ ಮೊಟ್ಟೆ ಅಡ್ಡ ನಿಂತಿದೆ, ಮೂಳೆಗಳೂ ತೆಳುವಾಗಿವೆಯಂತೆ. ಕ್ಯಾಲ್ಸಿಯಂ ಹಾಕಿದ್ದಾರೆ. ಬೆಳಗ್ಗೆ ಆಪರೇಷನ್ ಬೇಕಾಗಬಹುದು, ಖರ್ಚು ಜಾಸ್ತಿ ಅಂದರು. ಮಾಡಿಸಲಾ ಮೇಡಂ?

ಡಾಕ್ಟರ್: ಕ್ಯಾಲ್ಸಿಯಂ ಕೊಟ್ಟ ಮೇಲೆ ನಡುಕ ಇಳಿಯಿತಾ? ಇಳಿದಿದ್ದರೆ ಮಾಡಿಸಿ. ಅಂಡಾಶಯವನ್ನೂ ತೆಗೆಯಲು ಆಗುತ್ತದಾ ಅಂತ ಅವರನ್ನೇ ಕೇಳಿ, ಮುಂದೆ ಈ ಕಾಟ ಇರುವುದಿಲ್ಲ. ಎಕ್ಸ್‌ರೇ ಫೋಟೋ ನನಗೆ ನೇರವಾಗಿ ಕಳಿಸಿ. ಉಳಿದವರು ಈಗ ಕೇಳಬೇಡಿ, ನಾನು ಇದನ್ನು ನೋಡಬೇಕು.

ಶಿಕಾಗೋ ಶೆಟ್ರು: ಖರ್ಚಿನಲ್ಲಿ ಹತ್ತು ಹೊಸ ಗೆಕ್ಕೊ ಬರುತ್ತವೆ.

ಸಿಯಾಟಲ್ ಸೊಸೆ: ಅಡ್ಮಿನ್, ಇವರನ್ನು ಮ್ಯೂಟ್ ಮಾಡುತ್ತೀರಾ, ನಾವೇ ಗುಂಪು ಬಿಡಬೇಕಾ?

ಕುಪರ್ಟಿನೋ ಕಾಕ: ಬಲ್ಬ್ ವಿಷಯ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಡಾಕ್ಟರೇ ಆಗಬೇಕಿಲ್ಲ.

ಹಳೇಮನೆ ಮದ್ದು: ನನ್ನ ಹತ್ತಿರ ಒಂದು ಮೆಸೇಜ್ ಇದೆ.