ಹ್ಯಾಬಿಟ್ಯಾಟ್ ಲಾಸ್‌ಗೆ ಕನ್ನಡದಲ್ಲಿ ಏನಂತೀರಿ? ಗುರುವಾರ ಪೇಂಟರ್ ಬರ್ತಾನೆ

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ವಿರಾಜಪೇಟೆ ಹತ್ರ ನಮ್ಮೂರ ದೇವರಕಾಡಿನ ಮುಂದೆ ತಗಡಿನ ಬೋರ್ಡ್ ಹಾಕ್ತಿದೀವಿ, ಆರಡಿಗೆ ನಾಲ್ಕಡಿ. ಉಷ್ಣವಲಯದ ಕಾಡು ಕಮ್ಮಿ ಆದಂಗೆ ಮರದ ವೈವಿಧ್ಯತೆ ಹೆಂಗೆ ಹೋಗುತ್ತೆ ಅಂತ ಇಂಗ್ಲಿಷಲ್ಲಿ ಬರ್ಕೊಟ್ಟಿದಾರೆ, ಕನ್ನಡ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. 'ಆವಾಸಸ್ಥಾನ ನಾಶ' ಅಂತ ಬರೆದು ತೋರಿಸಿದ್ರೆ ತಕ್ಕರು (ನಮ್ಮೂರ ದೇವಸ್ಥಾನದ ಹಿರೀಕರು) ಓದಿ "ಯಾರ ಮನೆ ಬಿತ್ತು ಮಾರಾಯ?" ಅಂದ್ರು. ಇನ್ನೊಂದು, ಎಕ್ಸ್‌ಟಿಂಕ್ಷನ್ ಡೆಟ್. 1994ರಲ್ಲಿ ಟಿಲ್ಮನ್ ಅನ್ನೋ ಪರಿಸರ ವಿಜ್ಞಾನಿ ಮತ್ತೆ ಅವರ ಜೊತೆಯವರು ನೇಚರ್ ಪತ್ರಿಕೆಲಿ ಬರೆದ್ಮೇಲೆ ಬಳಕೆಗೆ ಬಂದ ಮಾತು. ಸುತ್ತ ಕಾಡು ಕಡಿದಾಯ್ತು, ಉಳಿದ ತುಂಡಲ್ಲಿ ದೊಡ್ಡ ಮರ ಇನ್ನೂ ನಿಂತಿವೆ, ಆದ್ರೆ ಅಡಿಲಿ ಸಸಿ ಏಳ್ತಿಲ್ಲ, ಅಂದ್ರೆ ಹೋಗೋದು ಗ್ಯಾರಂಟಿ, ಇನ್ನೂ ಹೋಗಿಲ್ಲ ಅಷ್ಟೆ. 'ಅಳಿವಿನ ಬಾಕಿ' ನಡೆಯುತ್ತಾ?

---

ವೈವಿಧ್ಯತೆ ಅಲ್ಲ, ವೈವಿಧ್ಯ. ಪ್ರಾಮುಖ್ಯತೆಯಿಂದ ಅಂಟಿದ ಚಟ ಇದು. ಆವಾಸ ಅಂದ್ರೇನೇ ಇರೋ ಜಾಗ, ಅದಕ್ಕೆ ಮತ್ತೆ ಸ್ಥಾನ ಯಾಕೆ, ಗೇಟುಬಾಗಿಲು ಅಂದಂಗೆ. 'ಬಾಕಿ' ಅರಬ್ಬಿ ಪದ, ದೇವರಕಾಡಲ್ಲಿ ಬೇಡ. 'ಸಾಲ' ಬರೀರಿ.
(ಮಡಿಕೇರಿ)

---

ಆವಾಸನೂ ಬೇಡ ಸಾರ್, ನೆಲೆ ಅನ್ನಿ. ಆವಾಸದಲ್ಲಿರೋದು ವಸ್ ಧಾತು, ವಾಸ ಮಾಡೋದು ಆನೆ, ಹುಲಿ, ನಾವು. ಮರ ಎಲ್ಲಿ ವಾಸ ಮಾಡುತ್ತೆ, ಅದು ನಿಲ್ಲುತ್ತೆ. ನಿಲ್ ಇಂದಾನೇ ನೆಲೆ, ತಮಿಳಲ್ಲಿ ನಿಲೈ. ಮರಕ್ಕೆ ಇದಕ್ಕಿಂತ ಒಪ್ಪೋ ಪದ ಹುಡುಕಿದ್ರೂ ಸಿಗಲ್ಲ. ನಷ್ಟಕ್ಕೆ ನೆಲೆಗೇಡು.
(ಸೋಮವಾರಪೇಟೆ)

---

ನನ್ನ ಪ್ರಕಾರ ನೆಲೆ ನೆಲದಿಂದ ಬಂದಿದ್ದು. ನೆಲೆಗೇಡು ಅಂದ್ರೆ ಬೈಗುಳ ಅನ್ಕೋತಾರೆ.
(ಮಡಿಕೇರಿ)

---

ನಿಮ್ಮ ಧಾತು ಜಗಳದಲ್ಲಿ ಅಸಲು ವಿಷಯ ಬಿಟ್ಟೋಯ್ತು. ವಿಸ್ತೀರ್ಣ ಕಮ್ಮಿ ಆಗೋದು ಒಂದು, ಇದ್ದಿದ್ದು ಚೂರಾಗೋದು ಇನ್ನೊಂದು, ಎರಡಕ್ಕೂ ಒಂದೇ ಪದ ಬಳಿಬೇಡಿ. 1905ರಲ್ಲಿ ಕೊಡಗಿನ ದೇವರಕಾಡು 15,506 ಎಕರೆ ಇತ್ತು, 1985ಕ್ಕೆ 6,299. ಇದು ನಷ್ಟ. ಉಳಿದಿದ್ದು ಕಾಫಿ ತೋಟಗಳ ಮಧ್ಯೆ ಸಾವಿರದ ಇನ್ನೂರಕ್ಕೂ ಹೆಚ್ಚು ಚೂರು, ಎಷ್ಟೋ ಬರೀ ಒಂದೆರಡು ಎಕರೆ. ಬ್ರೆಜಿಲ್‌ನ ಮನೌಸ್ ಹತ್ರ 1979ರಿಂದ ಇಂಥ ಚೂರುಕಾಡುಗಳನ್ನೇ ಅಳೀತಿದಾರೆ, ಅಂಚಿಂದ 300 ಮೀಟರ್ ಒಳಗಿರೋ ದೊಡ್ಡ ಮರಗಳು ನಡುಗಾಡಿನವಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು ಬೇಗ ಸಾಯ್ತವೆ, ಬಿಸಿಲು ಗಾಳಿ ಒಳಗೆ ನುಗ್ಗುತ್ತಲ್ಲ. ಒಂದೆರಡು ಎಕರೆ ದೇವರಕಾಡಲ್ಲಿ ನಡುಗಾಡು ಅನ್ನೋದು ಎಲ್ಲಿದೆ ಹೇಳಿ, ಎಲ್ಲಾ ಅಂಚೇ.

ನಮ್ಮ ಕಡೆ ಕಾಡಲ್ಲಿ ಒಂದು ರಾಮಪತ್ರೆ ಮರ ಇದೆ. ಕಾಯಿ ಒಡೆದು, ಮೇಲೆ ಸುತ್ತಿರೋ ಕೆಂಪು ಪತ್ರೆ ಸಮೇತ ಬೀಜ ಬುಡದಲ್ಲೇ ರಾಶಿ ಬೀಳುತ್ತೆ. ಮಂಗಟ್ಟೆ ಹಕ್ಕಿ ನುಂಗಿ ದೂರ ಹೋಗಿ ಬೀಜ ಉಗುಳಬೇಕು, ಹಕ್ಕಿ ಈ ಕಡೆ ಬರಲ್ಲ. ತಾಯಿಮರದ ನೆರಳಲ್ಲಿ ನಾನು ಬಗ್ಗಿ ಹುಡುಕಿದೀನಿ, ಮೊಣಕಾಲುದ್ದದ ಸಸಿ ಒಂದೂ ಇಲ್ಲ, ಬೇಲಿ ಕಡೆಯಿಂದ ಲಂಟಾನ ಕಳೆ ಬರ್ತಿದೆ. ಅದಕ್ಕೇ 'ಮರ ಕಮ್ಮಿ ಆಗುತ್ತೆ' ಅಂತ ಬರೀಬೇಡಿ, ಜನ ತೋಟದಲ್ಲಿ ನೆಟ್ಟಿರೋ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಮರ ತೋರಿಸಿ ಇಷ್ಟು ಹಸಿರಿದೆಯಲ್ಲ ಅಂತಾರೆ. ಕಮ್ಮಿ ಆಗೋದು ಮರದ ಬಗೆ. 'ಜಾತಿ' ಅಂತೂ ಬೇಡ್ವೇ ಬೇಡ, ದೇವಸ್ಥಾನದ ಮುಂದೆ 'ಜಾತಿ ನಾಶ' ಅಂತ ಬೋರ್ಡ್ ಇದ್ರೆ ಬೇರೆ ಗಲಾಟೆ ಆಗುತ್ತೆ.

'ಬಾಕಿ' ಅನ್ನೋ ಪದ ಸರಿ ಇದೆ. ಸಾಲ ಅಂದ್ರೆ ತಗೊಂಡಿದ್ದು, ಬಾಕಿ ಅಂದ್ರೆ ತೀರಿಸೋಕೆ ಉಳಿದಿದ್ದು. ಇಲ್ಲಿರೋದು ಎರಡನೇದು.
(ಪೊನ್ನಂಪೇಟೆ)

---

ಅರಬ್ಬಿ ಅರಬ್ಬಿನೇ. ಹಿಂಗೇ ಒಂದೊಂದೇ ಒಳಗೆ ಬಿಟ್ಕೊಂಡು ಕನ್ನಡದ್ದು ಏನು ಉಳೀತು.
(ಮಡಿಕೇರಿ)

---

ಕಾಫಿನೂ ಅರಬ್ಬಿಯಿಂದಾನೇ ಬಂದಿದ್ದು ಸಾರ್, ನಾಳೆ ಬೆಳಿಗ್ಗೆಯಿಂದ ಬಿಟ್ಬಿಡಿ. ಬ್ಯಾಂಕಿಂದ ಬಾಕಿ ನೋಟಿಸ್ ಬಂದಾಗ ಪರಭಾಷೆ ಅಂತ ವಾಪಸ್ ಕಳಿಸಿ ನೋಡೋಣ. ವೈವಿಧ್ಯ ಮಾತ್ರ ಮಡಿಕೇರಿಲೇ ಹುಟ್ಟಿದ್ದಾ?
(ಸೋಮವಾರಪೇಟೆ)

---

ಸಂಸ್ಕೃತದ ವಿಷಯ ಬೇರೆ.
(ಮಡಿಕೇರಿ)

---

ಎಲ್ರಿಗೂ ಥ್ಯಾಂಕ್ಸ್. ಪೇಂಟರ್ ನಿನ್ನೆ ಬಂದು ಹೋದ, ಅವನಿಗೆ ಕೊಟ್ಟಿದ್ದು ಇದು: 'ನೆಲೆ ಹೋದರೆ ಮರದ ಬಗೆ ಹೋಗುತ್ತದೆ. ನಿಂತ ಮರದ ಮೇಲೂ ಅಳಿವಿನ ಬಾಕಿ ಇದೆ.' ತಕ್ಕರೂ ಒಪ್ಪಿದ್ರು. ಇವತ್ತು ಹೋಗಿ ನೋಡಿದ್ರೆ ಎತ್ವ ಬಿಟ್ಟು 'ನೆಲ ಹೋದರೆ' ಅಂತ ಬರೆದಿದಾನೆ. ತಿದ್ದಿಸ್ಲಾ?
(ವಿರಾಜಪೇಟೆ)

---

ಬೇಡ. ಪೇಂಟರ್‌ಗೆ ಗೊತ್ತಿದೆ.
(ಮಡಿಕೇರಿ)