ಹಿಂದಿನ ಖಾಲಿ ಸೈಟಿನ ಹೊಗಿ: ಸಹಿ ಮಾಡೋರು ಹೆಸರು ಹೇಳ್ರಿ

ಮನಿ 14, ಟೀಚರ್ (ಶುಕ್ರವಾರ)
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹಿಂದಿನ ಖಾಲಿ ಸೈಟಿನಾಗ ಮತ್ತ ಬೆಂಕಿ ಹಚ್ಚ್ಯಾರ. ಹನ್ನೊಂದಕ್ಕ ಸುರುವಾದ ಹೊಗಿ ಎರಡರ ತನಕ ಬಿಡಲಿಲ್ಲ. ಕಲಬುರಗಿ ಬ್ಯಾಸಿಗಿಯಾಗ ಕಿಟಕಿ ಮುಚ್ಚಿ ಮಲಗೋದು ಹ್ಯಾಂಗ್ರಿ? ನಮ್ಮ ಅತ್ತಿಯವರು ರಾತ್ರಿ ಪೂರಾ ಕೆಮ್ಮಿದ್ರು. ರಿಂಗ್ ರೋಡಿಗೆ ಆ ದೊಡ್ಡ ಮಳಿಗಿ ಬಂದ ಮ್ಯಾಲೇ ಇದೆಲ್ಲ. ಹಿಂದಿನ ಶಟರಿನಿಂದ ಥರ್ಮಾಕೋಲು, ಪ್ಲಾಸ್ಟಿಕ್ ಹಾಳಿ ದಿನಾ ಬಂದು ಬೀಳ್ತಾವ. ಪಾಲಿಕೆಗೆ ಅರ್ಜಿ ಬರದೀನಿ. ಯಾರ್ಯಾರು ಸಹಿ ಮಾಡ್ತೀರಿ?

ಮನಿ 9
ನಂದು ಹಾಕ್ರಿ ಅಕ್ಕೋರೆ. ಆ ಮಳಿಗಿ ಬಂದ್ ಮಾಡಸ್ರಿ ಅಂತನೇ ಬರೀರಿ.

ಮನಿ 22, ನಿವೃತ್ತ ಇಂಜಿನಿಯರ್
ಬಂದ್ ಮಾಡಸೋದು ಆಗದ ಮಾತು. ಆಗೋದನ್ನ ಕೇಳೋಣ. ಕಸದ ವಿಲೇವಾರಿ ಸಲುವಾಗಿ ಕೋರ್ಟಿಗೆ ಹೋದ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಾಗೇ ಆದೇಶ ಮಾಡ್ಯಾದ: ಬಯಲಿನಾಗ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಾಗ ಸುಟ್ಟರ 25,000. ಅರ್ಜಿಯಾಗ ಇದು ಇರಲಿ. ಫೋಟೋ, ತಾರೀಖು, ವೇಳೆ ಹಚ್ಚ್ರಿ. ಬರೇ ‘ತೊಂದರೆ ಆಗಿದೆ’ ಅಂತ ಬರದ್ರ ಫೈಲಿನಾಗ ಮಲಗ್ತದ.

ಮನಿ 31
ಸರ್, ಒಂದು ಮಾತು. ಇವತ್ತು ಮುಂಜಾನಿ ಸೈಟಿಗೆ ಹೋಗಿದ್ದೆ. ಮಳಿಗಿದು ಭಾಳ ಅದ, ಖರೇ. ಆದ್ರ ಅರ್ಧ ಸುಟ್ಟ ಸ್ಟೂಲು, ಮಕ್ಕಳ ಕಾರು, ಹರದ ಚಪ್ಪಲ್, ಹಿಡಿಕಿ ಮುರದ ನೀಲಿ ಬಕೀಟು ಸುದ್ದಾ ಅವ. ಇವನ್ನ ಮಳಿಗಿಯವರು ಒಗದಿಲ್ಲ.

ಮನಿ 9
ನೀಲಿ ಬಕೀಟು ಅಂದ್ರ ನಮ್ಮದು ಅಂತೀಯೇನಪಾ?

ಮನಿ 31
ಯಾರದು ಅಂತ ನಾ ಹೇಳಿಲ್ರಿ ಕಾಕಾ.

ಮನಿ 9
ನಮ್ಮದೇ ಇದ್ದೀತು. ಅದೇ ಮಳಿಗಿಯ ದೀಪಾವಳಿ ಸೇಲಿನಾಗ ಮೂರು ತಂದಿದ್ವಿ, ಹೋಳಿ ಹಬ್ಬಕ್ಕ ಒಂದೂ ಉಳಿಲಿಲ್ಲ. ಕಸದ ಗಾಡಿಯವ ಒಯ್ಯಲಿಲ್ಲ, ಏನ್ ಮಾಡ್ಲಿ?

ಮೂಲಿ ಕಿರಾಣಿ
ನಾ ಬಾಯಿ ತೆಗದ್ರ ಹೊಟ್ಟಿಕಿಚ್ಚು ಅಂತೀರಿ, ಅದಕ್ಕ ಸುಮ್ಮ ಇದ್ದೆ. ತಿಂಗಳ ಸಾಮಾನು ಅಲ್ಲಿ ತರ್ತೀರಿ, ರಾತ್ರಿ ಹತ್ತಕ್ಕ ಉದ್ರಿ ಮೊಸರಿಗಿ ನನ್ನ ಬಾಗಿಲು ಬಡೀತೀರಿ. ಇರಲಿ. ನನಗ ನಗು ಬರೋದು ತೊಗರಿ ಬ್ಯಾಳಿಗಿ. ಸುತ್ತ ದಾಲ್ ಮಿಲ್ ಇರೋ ಊರು, 2019ರಾಗ ನಮ್ಮ ಬ್ಯಾಳಿಗಿ ಜಿಐ ಗುರುತು (ಇದು ಇದೇ ಊರಿನ ಮಾಲು ಅನ್ನೋ ಸರಕಾರಿ ಮುದ್ರಿ) ಬಂದದ, ನೀವು ಅಲ್ಲಿ ಹೋಗಿ ಕಿಲೋ ಕಿಲೋ ಪ್ಲಾಸ್ಟಿಕ್ ಪಾಕೀಟು ತರ್ತೀರಿ. ಕೈಚೀಲ ತರ್ರಿ, ಗೋಣಿಯಿಂದ ತೂಗಿ ಕೊಡ್ತೀನಿ. ನಮ್ಮಲ್ಲೂ ಶಾಂಪೂ ಪಾಕೀಟಿನ ಸರ ನೇತಾಡ್ತದ, ಇಲ್ಲ ಅನ್ನೂದಿಲ್ಲ.

ಮನಿ 17
ಎಲ್ಲಾರೂ ಮಾತಾಡಿದ್ರಿ, ನಂದೂ ಕೇಳ್ರಿ. ಊರಾಗಿನ ಸೂಪರ್ ಮಾರ್ಕೆಟ್ ಬಜಾರಿನಾಗ ನಮ್ಮ ಹುಡುಗನ ಶರ್ಟಿಗಿ 350 ಅಂದ್ರು, ಈ ಮಳಿಗಿಯಾಗ 149ಕ್ಕ ಸಿಕ್ತು. ಎರಡು ತಿಂಗಳಿಗಿ ಬಣ್ಣ ಹೋಯ್ತು, ಅದೂ ಗೊತ್ತದ. ಆದ್ರ ಸಾಲಿ ಸುರುವಾಗೋ ದಿನ ನನ್ನ ಕೈಯಾಗ 350 ಇರಲಿಲ್ಲ. ನನ್ನ ಮಗಳು ಅಲ್ಲೇ ಬಿಲ್ಲಿಂಗ್ ಕೌಂಟರಿನಾಗ ನಿಂದರ್ತಾಳ. ಹೊಗಿ ನಿಲ್ಲಸ್ರಿ, ಮಳಿಗಿ ನಿಲ್ಲಸಬ್ಯಾಡ್ರಿ.

ಮನಿ 14, ಟೀಚರ್
ನೀವು ಹೇಳೋದು ಖರೇ ಅದ. ‘ಬಂದ್’ ಅನ್ನೋ ಮಾತು ಅರ್ಜಿಯಾಗ ಇರೂದಿಲ್ಲ. ಐತವಾರ ಮುಂಜಾನಿ ಆರಕ್ಕ, ಬಿಸಲು ಏರೋದ್ರೊಳಗ, ಎಲ್ಲಾರೂ ಸೈಟಿಗೆ ಬರ್ರಿ. ಯಾರದು ಎಷ್ಟು ಅದ ಅಂತ ಬ್ಯಾರೆ ಮಾಡಿ ನೋಡೋಣ. ಗೋಣಿಚೀಲ, ಕೈಗವಸು ನಿಮ್ಮವೇ. ಚಹಾ ನಂದು.

ಮನಿ 22, ನಿವೃತ್ತ ಇಂಜಿನಿಯರ್ (ಐತವಾರ)
ಬಂದವರು ಹನ್ನೊಂದು ಮಂದಿ. ‘ಬರ್ತೀವಿ’ ಅಂದವರು ಇಪ್ಪತ್ತಾರು, ಅದು ಇರಲಿ. ಹದಿನೆಂಟು ಚೀಲ ತುಂಬಿದ್ವು. ಹನ್ನೊಂದು ಮಳಿಗಿವು, ಏಳು ನಮ್ಮವು.

ಭಂಗಾರ್‌ದವನ್ನ, ಅಂದ್ರ ಗುಜರಿಯವನ್ನ, ಕರಸಿದ್ವಿ. (ಒಂದಕ್ಷರ ತಪ್ಪಿದ್ರ ಸರಾಫ ಬಜಾರಿನಾಂವ ಬರ್ತಿದ್ದ.) ರಟ್ಟು ನೋಡಿ ಖುಷಿ ಆದ, ತೂಗಿ ರೊಕ್ಕ ಕೊಟ್ಟ. ಸ್ಟೂಲು, ಬಕೀಟು ಮುಟ್ಟಲಿಲ್ಲ. ಯಾಕ ಅಂತ ಕೇಳಿದ್ರ ಬೆರಳಿಲೆ ಒತ್ತಿ ತೋರಿಸಿದ, ಬಿಸ್ಕೀಟಿನಂಗ ಮುರೀತು. ಸಸ್ತಾ ಮಾಡಬೇಕಂತ ಹಳೇ ಪ್ಲಾಸ್ಟಿಕ್ ಕರಗಿಸಿ ಸುಣ್ಣದಕಲ್ಲಿನ ಪುಡಿ ಬೆರಸ್ತಾರ. ಬಿಸಲು ತಡಿಯೋ ಮದ್ದು ಹಾಕೂದಿಲ್ಲ. 40 ಡಿಗ್ರಿ ದಾಟೋ ನಮ್ಮೂರಾಗ ಅಂಗಳದಾಗಿಟ್ಟ ಬಕೀಟು ಹೋಳಿ ಹಬ್ಬಕ್ಕ ಮುರದ್ರ ಆಶ್ಚರ್ಯ ಏನದ? ಅದನ್ನ ಮತ್ತ ಕರಗಿಸಿದ್ರ ಇನ್ನೂ ಕೆಟ್ಟ ಮಾಲು. ತಳದಾಗ ತ್ರಿಕೋನದೊಳಗ (ಪ್ಲಾಸ್ಟಿಕ್ ಯಾವ ಜಾತಿದು ಅನ್ನೋ ಗುರುತು) 2 ಇಲ್ಲಾ 5 ಅಂತ ಇದ್ದು, ಗಟ್ಟಿ ಇದ್ರ ತಗೋತೀನಿ ಅಂದ. ನಮ್ಮ ಏಳು ಚೀಲದಾಗ ಅಂಥಾವು ಸಿಕ್ಕಿದ್ದು ನಾಕೇ ಸಾಮಾನು. ಥರ್ಮಾಕೋಲು ಅಂತೂ ಯಾರಿಗೂ ಬ್ಯಾಡ. ಬಹುಪಾಲು ಗಾಳಿನೇ. ಗಾಡಿ ತುಂಬ ಹೇರಿದ್ರೂ ತೂಕ ಇಲ್ಲ, ಡೀಸೆಲ್ ರೊಕ್ಕನೂ ಹುಟ್ಟೂದಿಲ್ಲ.

ಮನಿ 31
ಇನ್ನೊಂದು. ಮಳಿಗಿಯವರು ಹತ್ತು ರೂಪಾಯಿಗೆ ಕೊಡೋ ಚೀಲ ಬಟ್ಟಿದಲ್ಲ. ಎಳಿ ತೆಗದು ಕಡ್ಡಿ ಗೀರಿದೆ, ಕರಗಿ ಉಂಡಿ ಆಯ್ತು. ಅದೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ಒಂದು ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮಿ ತೂಗಿದ್ರ 2021ರ ಸೆಪ್ಟೆಂಬರ್ 30ರಿಂದ ದೇಶದಾಗೇ ನಿಷೇಧ. ನಮ್ಮ ರಾಜ್ಯದಾಗ ಪ್ಲಾಸ್ಟಿಕ್ ಕೈಚೀಲಕ್ಕ 2016ರಾಗೇ ನಿಷೇಧ ಬಂದದ. ಇದನ್ನೂ ಅರ್ಜಿಗೆ ಸೇರಸ್ರಿ.

ಮನಿ 9
ನಮ್ಮವ್ವ ಶರಣಬಸವೇಶ್ವರ ಜಾತ್ರಿಯಾಗ ತಂದ ಹಿತ್ತಾಳಿ ಕೊಡ ಇನ್ನೂ ಮನ್ಯಾಗ ಅದ. ಎರಡು ಸಲ ಬೆಸಿಗಿ ಹಾಕಿಸೀವಿ.

ಮೂಲಿ ಕಿರಾಣಿ
ಈಗ ಜಾತ್ರಿಯಾಗೂ ಪ್ಲಾಸ್ಟಿಕ್ ಕೊಡಾನೇ ಹೆಚ್ಚು ಬಿಡ್ರಿ ಯಜಮಾನ್ರ.

ಮನಿ 14, ಟೀಚರ್ (ಸೋಮವಾರ)
ನಾನು, ಮನಿ 17ರ ಅಕ್ಕಾ, ಇಂಜಿನಿಯರ್ ಸರ್ ಮೂರೂ ಮಂದಿ ಮಳಿಗಿಗೆ ಹೋಗಿದ್ವಿ. ಮ್ಯಾನೇಜರ್ ಸಣ್ಣ ಹುಡುಗ, ಬೀದರ್ ಕಡೆಯವ. ಮೊದಲು ‘ಮ್ಯಾಲಿನ ಆಫೀಸಿಗೆ ಕೇಳಬೇಕು’ ಅಂದ. ಹನ್ನೊಂದು ಚೀಲದ ಫೋಟೋ, ಪೆಟಗಿ ಮ್ಯಾಲಿನ ಅವರದೇ ಚೀಟಿ ತೋರಿಸಿದ ಮ್ಯಾಲೆ ಕುರ್ಚಿ ಹಾಕಿದ. ಕಸ ಒಯ್ಯೋ ಗುತ್ತಿಗಿ ಯಾರಿಗೋ ಕೊಟ್ಟಾರಂತ. ಆ ಮನುಷ್ಯ ರಟ್ಟು ಆರಿಸಿಕೊಂಡು ಉಳದದ್ದು ನಮ್ಮ ಸೈಟಿಗೆ ಸುರವಿ ಬೆಂಕಿ ಹಚ್ತಾನಂತ. ಇವರಿಗೆ ಗೊತ್ತೇ ಇರಲಿಲ್ಲಂತ, ನಂಬೋದು ಬಿಡೋದು ನಿಮಗ ಬಿಟ್ಟದ್ದು. ಇನ್ನ ಮ್ಯಾಲೆ ಪ್ಯಾಕಿಂಗ್ ಎಲ್ಲಾ ಶಟರಿನ ಒಳಗೇ ಇಡ್ತೀವಿ, ಮಾಲು ತರೋ ಲಾರಿಯಾಗೇ ಥರ್ಮಾಕೋಲು ವಾಪಸ್ ಕಳಸ್ತೀವಿ ಅಂತ ಹಾಳಿ ಮ್ಯಾಲೆ ಬರಸ್ಕೊಂಡು ಬಂದೀವಿ. ಕೈಚೀಲದ ಬಗ್ಗೆ ಬಾಯಿ ಬಿಡಲಿಲ್ಲ. ಅದಕ್ಕೇ ಅರ್ಜಿನೂ ಕೊಟ್ಟು ಪಾಲಿಕೆಯಿಂದ ಸ್ವೀಕೃತಿ ತಗೊಂಡೀವಿ.

ಮನಿ 17
ಮಗಳಿಗಿ ಯಾರೂ ಏನೂ ಅಂದಿಲ್ಲ. ಚಿಂತಿ ಆಗಿತ್ತು ನನಗ.

ಮನಿ 9
ಮಳಿಗಿದು ಆಯ್ತು. ನಮ್ಮ ಏಳು ಚೀಲ ಎಲ್ಲಿ ಅವ?

ಮನಿ 14, ಟೀಚರ್
ಪಾಲಿಕೆ ಒಣಕಸದ ಗಾಡಿ ಗುರುವಾರ ಬರ್ತದ, ನಮ್ಮ ಗೇಟಿನಾಗ ಇಟ್ಟೀವಿ. ನೀಲಿ ಬಕೀಟಿನ ಚೀಲ ಹೊರಾಕ ನೀವೇ ಬರ್ರಿ.

ಮನಿ 31
ಮಳಿಗಿ ಲಾರಿ ಬರೋ ತನಕ ಥರ್ಮಾಕೋಲು ಇಂಜಿನಿಯರ್ ಸರ್ ಮಾಳಿಗಿ ಮ್ಯಾಲೆ ಇಟ್ಟೀವಲ್ಲ, ನಿನ್ನೆ ಗಾಳಿ ಬಿಟ್ಟಿತ್ತು. ಸರ್, ಮ್ಯಾಲೆ ಏನರ ಭಾರ ಇಟ್ಟೀರೇನು?

ಮನಿ 22, ನಿವೃತ್ತ ಇಂಜಿನಿಯರ್
ಇಟ್ಟಿದ್ದೆ. ಪ್ಲಾಸ್ಟಿಕ್ ಸ್ಟೂಲು.

ಮನಿ 12
ಅದಕ್ಕೇ ಮತ್ತ. ಮುಂಜಾನಿಯಿಂದ ನಮ್ಮ ಅಂಗಳದಾಗ ಆರಿಸಾಕತ್ತೀನಿ. ಸ್ಟೂಲಿನ ಕಾಲೂ ಬಂದದ, ಒಂದೇ.